ಮನವಿಪತ್ರಕ್ಕೆ ಸಹಿಗಳನ್ನು ವೃತ್ತಾಕಾರದಲ್ಲಿ ಹಾಕಿಸಿ

ಕೇರಿಯವರೆಲ್ಲ ಸೇರಿ ಮನವಿ ಸಲ್ಲಿಸುವಾಗ ಸಹಿಗಳನ್ನು ಒಂದರ ಕೆಳಗೊಂದು ಹಾಕಿಸುವ ಬದಲು, ಹಾಳೆಯ ನಡುವೆ ತಿಂಡಿಯ ಸಣ್ಣ ತಟ್ಟೆಯನ್ನು ಕವುಚಿಟ್ಟು ಪೆನ್ಸಿಲಿನಿಂದ ಗೆರೆ ಎಳೆದು, ಬೇಡಿಕೆಯನ್ನು ಅದರೊಳಗೆ ಬರೆದು, ಸಹಿ ಮತ್ತು ಹೆಬ್ಬೆಟ್ಟುಗಳನ್ನು ಸುತ್ತಲೂ ಸೂರ್ಯನ ಕಿರಣಗಳಂತೆ ಹಾಕಿಸಿರಿ. ಪಟ್ಟಿಯ ಮೊದಲ ಮೂರು ಹೆಸರುಗಳನ್ನೇ ಮುಂದಾಳುಗಳೆಂದು ಭಾವಿಸಿ ಆ ಮನೆಗಳ ಮೇಲೆ ಒತ್ತಡ ತರುವುದು ಸುಲಭ. ವೃತ್ತಕ್ಕೆ ಮೊದಲೂ ಕೊನೆಯೂ ಇಲ್ಲದ ಕಾರಣ ಕಾರವಾರದ ಕಡೆ ಇನ್ನೊಬ್ಬರ ದೋಣಿಯಲ್ಲಿ ದುಡಿಯುವವರು, ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸರು, ಬಾಡಿಗೆ ಮನೆಯವರು ಕೂಡ ಅಂಜದೆ ಪೆನ್ನು ಹಿಡಿಯುತ್ತಾರೆ. 1983ರಲ್ಲಿ ಶಿರಸಿ ಬಳಿಯ ಸಾಲ್ಕಣಿಯಲ್ಲಿ ಮರಗಳನ್ನು ಕಡಿಯಲು ಬಿಡದೆ ಅಪ್ಪಿ ನಿಂತವರ ಬಲವೂ ಹೀಗೆ ಒಟ್ಟಾಗಿ ನಿಂತುದರಲ್ಲೇ ಇತ್ತು. ಆದರೆ ಬೇಡಿಕೆಯನ್ನು ಕನ್ನಡದಲ್ಲೂ ಕೊಂಕಣಿಯಲ್ಲೂ ಗಟ್ಟಿಯಾಗಿ ಓದಿ ಹೇಳದೆ ಖಾಲಿ ಹಾಳೆಗೆ ಸಹಿ ಪಡೆದರೆ ಈ ಉಪಾಯದಿಂದ ಪ್ರಯೋಜನವಿಲ್ಲ, ಅದು ನಮ್ಮವರಿಗೇ ಮಾಡುವ ಅನ್ಯಾಯ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಸಲ್ಲಿಸುವ ಅರ್ಜಿಗೂ ಇದು ಒಗ್ಗದು, ಏಕೆಂದರೆ ಉತ್ತರ ತಲುಪಲು ಅಲ್ಲಿ ಅರ್ಜಿದಾರರ ಹೆಸರು ಮತ್ತು ವಿಳಾಸ ಬೇಕು. ಸಾಮಾನ್ಯ ಮನವಿಗೂ ಕಚೇರಿಯವರು ಒಂದು ವಿಳಾಸ ಕೇಳಿದರೆ, ಯಾರದ್ದನ್ನು ಕೊಡಬೇಕೆಂಬುದನ್ನು ಸಭೆಯಲ್ಲೇ ಎಲ್ಲರ ಎದುರು ತೀರ್ಮಾನಿಸಿರಿ. ಸಲ್ಲಿಸಿದ ದಿನವೇ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿರಿ.