ಪೈಪೋಟಿ ಶಾಲೆಗಳ ಆ್ಯನಿಮೇಷನ್ ಚಿತ್ರ: ವಿಮರ್ಶೆ ಬರೆಯೋದು ಹೇಗೆ?

‘ಫ್ರೆಂಡ್‌ಶಿಪ್ ಗೇಮ್ಸ್’ ಚಿತ್ರದ ವಿಮರ್ಶೆಯಲ್ಲಿ ಸರಣಿಯ ಹಿಂದಿನ ಕಥೆಗೆ ಮೂರು ಸಾಲು ಸಾಕು. 2015ರ ‘ಫ್ರೆಂಡ್‌ಶಿಪ್ ಗೇಮ್ಸ್’ ‘ಮೈ ಲಿಟಲ್ ಪೋನಿ’ಯಿಂದ ಹುಟ್ಟಿದ ಈಕ್ವೆಸ್ಟ್ರಿಯಾ ಗರ್ಲ್ಸ್ ಎಂಬ ಆ್ಯನಿಮೇಷನ್ ಸರಣಿಯ ಮೂರನೆಯ ಚಿತ್ರ. ಸನ್‌ಸೆಟ್ ಶಿಮ್ಮರ್ ಮೊದಲ ಚಿತ್ರದಲ್ಲಿ ಖಳನಾಯಕಿಯಾಗಿದ್ದಳು ಎಂದು ತಿಳಿಸಿದರೆ ಹೊಸಬರಿಗೂ ದಾರಿ ಸಿಗುತ್ತದೆ.

ಎರಡು ಸಲ ನೋಡಿ. ಮೊದಲ ಸಲ ಪೆನ್ನು ಮುಟ್ಟಬೇಡಿ. ಎರಡನೇ ಸಲ ನಿಮಿಷದ ಲೆಕ್ಕ ಸಮೇತ ಗುರುತು ಹಾಕಿಕೊಳ್ಳಿ.

ಹೆಚ್ಚಿನವರು ಎಡವುವುದು ಕ್ಯಾಂಟರ್‌ಲಾಟ್, ಕ್ರಿಸ್ಟಲ್ ಪ್ರೆಪ್ ಎಂಬ ಎರಡು ಶಾಲೆಗಳ ಪೈಪೋಟಿಯ ವಿಷಯದಲ್ಲಿ. ‘ಕ್ಯಾಂಟರ್‌ಲಾಟ್ ಒಳ್ಳೆಯದು, ಕ್ರಿಸ್ಟಲ್ ಪ್ರೆಪ್ ಕೆಟ್ಟದ್ದು’ ಎಂದು ಬರೆದುಬಿಡುತ್ತಾರೆ. ಒತ್ತಡ ಎಲ್ಲಿಂದ ಹುಟ್ಟುತ್ತದೆ ನೋಡಿ: ಶಾಲೆಯ ಹೆಸರೇ ದೊಡ್ಡದೆನ್ನುವ ಕ್ರಿಸ್ಟಲ್ ಪ್ರೆಪ್ ಪ್ರಾಂಶುಪಾಲೆ ಸಿಂಚ್, ಮಾಂತ್ರಿಕ ಶಕ್ತಿಯನ್ನು ಬಿಡುಗಡೆ ಮಾಡೆಂದು ಅದೇ ಶಾಲೆಯ ವಿದ್ಯಾರ್ಥಿನಿ ಟ್ವೈಲೈಟ್‌ಳನ್ನು ಹುರಿದುಂಬಿಸುವ ಸಹಪಾಠಿಗಳು. ಕ್ಯಾಂಟರ್‌ಲಾಟ್‌ನ ಸನ್‌ಸೆಟ್ ಕೂಡ ಅವಳ ಮೇಲೆ ರೇಗುತ್ತಾಳೆ, ಟ್ವೈಲೈಟ್ ಅಳುತ್ತಾ ಓಡುತ್ತಾಳೆ. ಕೊನೆಗೆ ಕೈ ಚಾಚುವವಳೂ ಅದೇ ಸನ್‌ಸೆಟ್. ಈ ಎರಡು ದೃಶ್ಯಗಳನ್ನು ಅಕ್ಕಪಕ್ಕ ಇಟ್ಟು ಒಂದು ಪ್ಯಾರಾ ಪೂರ್ತಿ ಬರೆಯಿರಿ. ಚಿತ್ರದ ಜೀವ ಇರುವುದು ಇಲ್ಲೇ.

ಹಾಡುಗಳಲ್ಲಿ ಕಥೆಯನ್ನು ಮುಂದೊಯ್ಯುವ ಒಂದನ್ನಷ್ಟೇ ಆರಿಸಿ. ‘ಸ್ನೇಹದ ಸಂದೇಶವಿದೆ’ ಎಂಬ ಸಾಲನ್ನು ಹೊಡೆದುಹಾಕಿ, ಯಾವ ನಡೆಯಲ್ಲಿ ಸ್ನೇಹ ಕಂಡಿತೆಂದು ಬರೆಯಿರಿ. ಕಥೆಯ ಗುಟ್ಟು ಬಿಡುವುದಾದರೆ ಮೇಲೆಯೇ ಎಚ್ಚರಿಕೆ ಕೊಡಿ.