ಬಿಟ್ಟುಬಂದ ಒಕ್ಕೂಟದ ಜತೆ ನಂಟು ಬೆಸೆಯುವ ಬಗೆ: ಬ್ರಿಟನ್ ಉದಾಹರಣೆ

ತೊಡಕು ಎಲ್ಲಿದೆ ಎಂಬುದನ್ನು ಮೊದಲು ಸರಿಯಾಗಿ ಗುರುತಿಸಿಕೊಳ್ಳಬೇಕು. 2020ರ ಜನವರಿ 31ರಂದು ಐರೋಪ್ಯ ಒಕ್ಕೂಟ ಬಿಟ್ಟ ಬ್ರಿಟನ್‌ಗೆ, 2021ರಿಂದ ಜಾರಿಯಲ್ಲಿರುವ ಒಪ್ಪಂದದಡಿ ತನ್ನಲ್ಲೇ ತಯಾರಾದ ಸರಕಿನ ಮೇಲೆ ಸುಂಕವಿಲ್ಲ. ಹಾಗಾಗಿ ಸುಂಕದ ಮಾತುಕತೆಗೆ ಕೂತರೆ ಹೊತ್ತು ಹಾಳು. ಕಗ್ಗಂಟಿರುವುದು ಕಾಗದಪತ್ರದಲ್ಲಿ. ಮಾಂಸ, ಮೀನು, ಚೀಸ್ ಗಡಿ ದಾಟಬೇಕಾದರೆ ಮಾನ್ಯತೆ ಪಡೆದ ಅಧಿಕಾರಿ, ಹೆಚ್ಚಾಗಿ ಪಶುವೈದ್ಯರು, ಸಹಿ ಹಾಕಿದ ಆರೋಗ್ಯ ಪ್ರಮಾಣಪತ್ರ ಬೇಕು. ಒಂದೇ ಲಾರಿಯಲ್ಲಿ ಹತ್ತು ವ್ಯಾಪಾರಿಗಳ ಮೀನಿದ್ದು, ಒಬ್ಬರ ಪತ್ರದಲ್ಲಿ ತಪ್ಪಿದ್ದರೂ ಸಾಕು, ಇಡೀ ಲಾರಿ ನಿಲ್ಲುತ್ತದೆ. ಐಸ್ ಕರಗುತ್ತದೆ, ಬೆಲೆ ಇಳಿಯುತ್ತದೆ. ಸಣ್ಣವರು ರಫ್ತಿನ ಸಹವಾಸವೇ ಬೇಡ ಎಂದದ್ದು ಇದಕ್ಕೇ.

ಮಾತುಕತೆಗೆ ಮುನ್ನ ಹಳೆಯ ಬಾಕಿ ತೀರಿಸಿ. ಉತ್ತರ ಐರ್ಲೆಂಡಿನ ಗಡಿ ವಿವಾದ 2023ರ ಫೆಬ್ರುವರಿಯಲ್ಲಿ ವಿಂಡ್ಸರ್ ಚೌಕಟ್ಟು ಎಂಬ ಒಪ್ಪಂದದಿಂದ ಇತ್ಯರ್ಥವಾದ ಮೇಲೆಯೇ ಒಕ್ಕೂಟದ ಹೊರೈಜನ್ ಸಂಶೋಧನಾ ಯೋಜನೆಯ ಬಾಗಿಲು ತೆರೆಯಿತು. ಬ್ರಿಟನ್ ಅದಕ್ಕೆ ಮರಳಿದ್ದು 2024ರ ಜನವರಿಯಲ್ಲಿ.

ಆಮೇಲೆ ಗಡಿಯ ಕಾಗದಪತ್ರ ತಗ್ಗಿಸುವ ಆಹಾರ, ಸಸ್ಯ, ಪ್ರಾಣಿ ಆರೋಗ್ಯದ ಒಪ್ಪಂದಕ್ಕೆ ಕೈಹಾಕಬೇಕು. ಬ್ರಿಟನ್ ಮತ್ತು ಒಕ್ಕೂಟದ ನಡುವೆ 2025ರ ಮೇ 19ರಂದು ನಡೆದ ಲಂಡನ್ ಶೃಂಗಸಭೆ ಹಿಡಿದದ್ದೂ ಇದೇ ದಾರಿ. ಇದಕ್ಕೆ ತೆರಬೇಕಾದ ಬೆಲೆಯನ್ನು ಮಾತ್ರ ಜನರಿಗೆ ಮೊದಲೇ ಹೇಳಿಬಿಡಿ: ಒಕ್ಕೂಟ ನಿಯಮ ಬದಲಿಸಿದಾಗೆಲ್ಲ ಬ್ರಿಟನ್ ಕೂಡ ಬದಲಿಸಬೇಕು, ಆದರೆ ಅದಕ್ಕೆ ಮತವಿಲ್ಲ, ಆ ಕಾನೂನಿನ ಅರ್ಥ ಹೇಳುವಲ್ಲಿ ಕೊನೆಯ ಮಾತು ಲಕ್ಸೆಂಬರ್ಗಿನಲ್ಲಿರುವ ಒಕ್ಕೂಟದ ನ್ಯಾಯಾಲಯದ್ದು. ಇದನ್ನು ಮುಚ್ಚಿಟ್ಟರೆ ಒಪ್ಪಂದ ಸಂಸತ್ತಿಗೆ ಬಂದ ದಿನವೇ ಮುಗ್ಗರಿಸುತ್ತದೆ.

ಎದುರಿನವರು ಬರಿಗೈಲಿ ಏಳುವುದಿಲ್ಲ. ಆ ಶೃಂಗಸಭೆಯಲ್ಲಿ ಬ್ರಿಟನ್ ತನ್ನ ಕಡಲಿನಲ್ಲಿ ಐರೋಪ್ಯ ದೋಣಿಗಳಿಗೆ 2038ರವರೆಗೆ ಮೀನುಗಾರಿಕೆಯ ಅವಕಾಶ ಬಿಟ್ಟುಕೊಟ್ಟಿತು. ಮೀನುಗಾರರು ಸಿಟ್ಟಾದದ್ದು ನ್ಯಾಯವೇ. ಅವರ ಜತೆ ಮೊದಲೇ ಕೂತು ಮಾತಾಡುವುದು ಈ ಕೆಲಸದ ಭಾಗ. ಒಕ್ಕೂಟದ ಯೋಜನೆಗಳಿಗೆ ಸೇರಲು ಕಟ್ಟಬೇಕಾದ ಶುಲ್ಕದ ಲೆಕ್ಕವನ್ನೂ ಆರಂಭದಲ್ಲೇ ಮಾಡಿ. ಒಕ್ಕೂಟದ 15,000 ಕೋಟಿ ಯೂರೋಗಳ 'ಸೇಫ್' ರಕ್ಷಣಾ ನಿಧಿಗೆ ಸೇರುವ ಮಾತುಕತೆ 2025ರ ನವೆಂಬರಿನಲ್ಲಿ ಮುರಿದುಬಿದ್ದದ್ದು ಹಣದ ಚೌಕಾಸಿಯಲ್ಲೇ.

ಸುಂಕ ಒಕ್ಕೂಟಕ್ಕೆ, ಅಂದರೆ ಹೊರಗಿನ ಸರಕಿಗೆ ಸದಸ್ಯರೆಲ್ಲ ಒಂದೇ ಸುಂಕ ಹಾಕುವ ವ್ಯವಸ್ಥೆಗೆ, ಸೇರುವ ಆಲೋಚನೆಯಿದ್ದರೆ, ಬೇರೆ ದೇಶಗಳಿಗೆ ಕೊಟ್ಟ ಮಾತನ್ನು ಪಟ್ಟಿಮಾಡಿಕೊಳ್ಳಿ. 2025ರ ಜುಲೈ 24ರಂದು ಭಾರತದ ಜತೆ ಸಹಿ ಹಾಕಿದ ಒಪ್ಪಂದದಲ್ಲಿ ಬ್ರಿಟನ್ ನಮ್ಮ ಜವಳಿ, ಚರ್ಮದ ಸರಕಿನ ಸುಂಕ ತೆಗೆಯಲು ಒಪ್ಪಿದೆ. ಸುಂಕ ಒಕ್ಕೂಟದೊಳಗೆ ಹೋದವರಿಗೆ ಹೀಗೆ ತಮ್ಮಿಷ್ಟದ ದರ ಇಟ್ಟುಕೊಳ್ಳುವ ಸ್ವಾತಂತ್ರ್ಯ ಉಳಿಯುವುದಿಲ್ಲ. ಪೂರ್ಣ ಸದಸ್ಯತ್ವವೇ ಬೇಕೆಂದರೆ ಐರೋಪ್ಯ ಒಕ್ಕೂಟದ ಮೂಲ ಒಪ್ಪಂದದ 49ನೇ ವಿಧಿಯಡಿ ಹೊಸದಾಗಿ ಅರ್ಜಿ ಹಾಕಬೇಕು. 27 ದೇಶಗಳಲ್ಲಿ ಒಂದು ಬೇಡವೆಂದರೂ ಅರ್ಜಿ ಅಲ್ಲಿಗೇ ನಿಲ್ಲುತ್ತದೆ.