ಕಟುಲ್ಲುಸ್‌ನ ಎರಡು ಸಾಲಿಗೆ ಪ್ರಸ್ತಾರ ಹಾಕುವುದು ಹೇಗೆ

ಕಂದಪದ್ಯಕ್ಕೆ ಪ್ರಸ್ತಾರ ಹಾಕಬಲ್ಲವರಿಗೆ, ಅಂದರೆ ಗುರು (–) ಲಘು (∪) ಗುರುತಿಸಿ ಗಣ ಬಿಡಿಸಬಲ್ಲವರಿಗೆ, ರೋಮಿನ ಪ್ರೇಮಕವಿಗಳ ಎಲಿಜಿ ಎಂಬ ಎರಡು ಸಾಲಿನ ಛಂದಸ್ಸು ಅರ್ಧ ಬಂದ ಹಾಗೆಯೇ. ಅಲ್ಲೂ ನಾಲ್ಕು ಮಾತ್ರೆಯ ಗಣ. ಆದರೆ ರೂಪ ಎರಡೇ: ಭಗಣ (– ∪ ∪) ಅಥವಾ ಎರಡು ಗುರು (– –). ಕಂದದ ಆರನೆಯ ಗಣದಲ್ಲಿ ಬರುವ ಜಗಣಕ್ಕೆ (∪ – ∪) ಇಲ್ಲಿ ಜಾಗವಿಲ್ಲ. ಅದು ಕಂಡರೆ ಲೆಕ್ಕ ಎಲ್ಲೋ ತಪ್ಪಿದೆ ಎಂದೇ ಅರ್ಥ.

ಮೊದಲ ಸಾಲಿಗೆ 6 ಗಣ. ಐದನೆಯದು ಸಾಮಾನ್ಯವಾಗಿ ಭಗಣ, ಆರನೆಯದರಲ್ಲಿ ಎರಡೇ ಅಕ್ಷರ. ಎರಡನೆಯ ಸಾಲನ್ನು ನಡುವಿನ ಯತಿ ಎರಡು ಹೋಳು ಮಾಡುತ್ತದೆ. ಒಂದೊಂದರಲ್ಲೂ ಎರಡು ಗಣ, ಮೇಲೊಂದು ಗುರು. ಎರಡನೆಯ ಹೋಳಿನ ಎರಡೂ ಗಣ ಭಗಣವೇ ಆಗಬೇಕು.

ಕ್ರಿ.ಪೂ. 1ನೇ ಶತಮಾನದ ರೋಮನ್ ಕವಿ ಕಟುಲ್ಲುಸ್‌ನ 85ನೇ ಕವಿತೆ ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು. ಇಡೀ ಕವಿತೆ 14 ಪದ:

ಓದೀ ಎತ್ ಅಮೋ. ಕ್ವಾರೇ ಇದ್ ಫಕಿಅಮ್, ಫೊರ್ತಸ್ಸೆ ರೆಕ್ವೀರಿಸ್.
ನೆಸ್ಕಿಒ, ಸೆದ್ ಫಿಎರೀ ಸೆನ್ತಿಓ ಎತ್ ಎಕ್ಸ್‌ಕ್ರುಕಿಒರ್.

ಗುರು ಲಘು ಗುರುತಿಸುವ ಮೊದಲು ಲೋಪಸಂಧಿ ಮಾಡಿಕೊಳ್ಳಿ. ಸ್ವರದಲ್ಲೋ, ಸ್ವರದ ಮೇಲಿನ ಮ್‌ನಲ್ಲೋ ಮುಗಿದ ಪದದ ಮುಂದೆ ಸ್ವರ ಬಂದರೆ ಮೊದಲಿನದು ಬಿದ್ದುಹೋಗುತ್ತದೆ, 'ಊರು' + 'ಅಲ್ಲಿ' 'ಊರಲ್ಲಿ' ಆದಂತೆ. ಇಲ್ಲಿ ಅದು ಮೂರು ಕಡೆ ಇದೆ. ಪದದ ಕೊನೆಯ ವ್ಯಂಜನ ಮುಂದಿನ ಸ್ವರಕ್ಕೆ ಕೂಡಿಕೊಳ್ಳುತ್ತದೆ:

ಓ ದೆ ತ | ಮೋ ಕ್ವಾ | ರಿದ್ ಫ ಕಿ | ಅಮ್ ಫೊರ್ | ತಸ್ ಸೆ ರೆ | ಕ್ವೀ ರಿಸ್
ನೆಸ್ ಕಿ ಒ | ಸೆದ್ ಫಿ ಎ | ರೀ || ಸೆನ್ ತಿ ಎ | ತೆಕ್ಸ್ ಕ್ರು ಕಿ | ಒರ್

ಕನ್ನಡಿಗರು ಎಡವುವುದು ಹೆಚ್ಚಾಗಿ ಐದನೆಯ ಗಣದಲ್ಲಿ. 'ಕ್ವೀ' ನಮ್ಮ ಲಿಪಿಯಲ್ಲಿ ಒತ್ತಕ್ಷರ, ಹಾಗಾಗಿ ಹಿಂದಿನ 'ರೆ'ಗೆ ಕೈ ತಾನಾಗಿ ಗುರು ಹಾಕುತ್ತದೆ. ಲ್ಯಾಟಿನ್ನಿನಲ್ಲಿ 'ಕ್ವ' ಒಂದೇ ವ್ಯಂಜನ, 'ರೆ' ಲಘು. 'ಪತ್ರಿಸ್'ನಂಥ ಪದಗಳಲ್ಲಿ ರೇಫದ ಒತ್ತಿನ ಹಿಂದಿನ ಅಕ್ಷರ ಗುರುವೂ ಆಗಬಹುದು, ಲಘುವೂ ಆಗಬಹುದು. ಹಳಗನ್ನಡದ ಶಿಥಿಲದ್ವಿತ್ವ (ಒತ್ತಕ್ಷರದ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುವುದು) ಬಲ್ಲವರಿಗೆ ಇದು ಹೊಸದೇನಲ್ಲ.

ಇನ್ನು ಅರ್ಥ. 14 ಪದಗಳಲ್ಲಿ 8 ಕ್ರಿಯಾಪದ. 'ದ್ವೇಷವೂ ಇದೆ, ಪ್ರೀತಿಯೂ ಇದೆ' ಎಂದು ಅನುವಾದಿಸಿದರೆ ಕವಿತೆಯ ಜೀವವೇ ಹೋಗುತ್ತದೆ. 'ದ್ವೇಷಿಸುತ್ತೇನೆ, ಪ್ರೀತಿಸುತ್ತೇನೆ' ಎಂದೇ ಇರಲಿ. ಮೊದಲ ಸಾಲಿನ 'ಫಕಿಅಮ್' ಮಾಡುವುದು, ಎರಡನೆಯದರ 'ಫಿಎರೀ' ಆಗುವುದು. ಯಾಕೆ ಹೀಗೆ ಮಾಡುತ್ತೀಯ ಎಂದು ಕೇಳಿದರೆ, ಗೊತ್ತಿಲ್ಲ, ಆಗುತ್ತಿದೆ ಎನ್ನುತ್ತಾನೆ. ನಮ್ಮ 'ಮಾಡು', 'ಆಗು' ಇದಕ್ಕೆ ಎಷ್ಟು ಸಲೀಸಾಗಿ ಒದಗುತ್ತವೆ! ಗಟ್ಟಿಯಾಗಿ ಓದುವಾಗ 'ಫಿಎರೀ' ಆದಮೇಲೆ, ಯತಿಯಲ್ಲಿ, ಒಂದು ಕ್ಷಣ ನಿಲ್ಲಿ. ಕೊನೆಯ ಪದವನ್ನು 'ನೋಯುತ್ತೇನೆ' ಎಂದು ಮೆತ್ತಗಾಗಿಸಬೇಡಿ. ಅದರೊಳಗೆ 'ಕ್ರುಕ್ಸ್' ಇದೆ, ರೋಮನ್ನರು ಅಪರಾಧಿಗಳನ್ನು ಏರಿಸುತ್ತಿದ್ದ ಶಿಲುಬೆ.